ಕಣ್ಣಿನ ನರಕ್ಕೆ ಸಕ್ಕರೆ ತೋರಿಸುವ ದಾರಿ

ಭ್ರೂಣದಲ್ಲಿ ಕಣ್ಣು ಮೂಡಿದಾಗ ಅದಕ್ಕೂ ಮೆದುಳಿಗೂ ಇನ್ನೂ ತಂತಿ ಎಳೆದಿರುವುದಿಲ್ಲ. ಅಕ್ಷಿಪಟದ ನರಕೋಶಗಳು ತಮ್ಮ ಎಳೆಯನ್ನು ತಾವೇ ಬೆಳೆಸಿಕೊಂಡು ಮೆದುಳು ಮುಟ್ಟಬೇಕು. ಮನುಷ್ಯರಲ್ಲಿ ಒಂದೊಂದು ಕಣ್ಣಿನಿಂದ ಇಂಥ ಸುಮಾರು 10 ಲಕ್ಷ ಎಳೆಗಳು ಹೊರಡುತ್ತವೆ. ಎಳೆಯ ತುದಿ ಪುಟ್ಟ ಅಂಗೈಯ ಹಾಗಿರುತ್ತದೆ. ಬೆರಳು ಚಾಚಿ ತಡವುತ್ತದೆ, ಒಗ್ಗದಿದ್ದರೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. 1890ರಲ್ಲಿ ಸ್ಪೇನಿನ ನರವಿಜ್ಞಾನಿ ಕಹಾಲ್ ಇದನ್ನು ಗುರುತಿಸಿದ್ದು ಕೋಳಿ ಭ್ರೂಣದ ಸತ್ತ ಚೂರಿನಲ್ಲಿ. ಆದರೂ ಇದು ಚಲಿಸುವ ವಸ್ತು ಅಂತ ಊಹಿಸಿಬಿಟ್ಟರು!

ಹಾಗೆ ತಡವಿದಾಗ ಕೈಗೆ ಸಿಗುವುದರಲ್ಲಿ ಸಕ್ಕರೆಯೂ ಇದೆ. ಬಾಯಿಗೆ ಹಾಕಿಕೊಳ್ಳುವ ಸಕ್ಕರೆಯಲ್ಲ, ಹೆಪರಾನ್ ಸಲ್ಫೇಟ್ ಎಂಬ ಉದ್ದನೆಯ ಸರ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇದರ ಹತ್ತಿರದ ನೆಂಟ. ಎರಡು ಬಗೆಯ ಸಕ್ಕರೆ ಮಣಿಗಳನ್ನು ಒಂದಾದ ಮೇಲೊಂದು ಪೋಣಿಸಿ, ಅಲ್ಲಲ್ಲಿ ಸಲ್ಫೇಟ್ ಅಂಟಿಸಿದರೆ ಈ ಸರ ಸಿದ್ಧ. ಪ್ರೋಟೀನಿಗಾದರೆ ಡಿಎನ್‌ಎಯಲ್ಲಿ ಮೂಲಪ್ರತಿ ಇರುತ್ತದೆ. ಇದಕ್ಕೆ ಅದೂ ಇಲ್ಲ. ಕಿಣ್ವಗಳೇ ಕೂತು ಹೆಣೆಯುತ್ತವೆ.

ನಿಜವಾದ ಪರೀಕ್ಷೆ ಇರುವುದು ಎರಡೂ ಕಣ್ಣಿನ ನರಗಳು ಸೇರುವ ಕೂಡುರಸ್ತೆಯಲ್ಲಿ. ನಮ್ಮಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಎಳೆಗಳು ಆಚೆ ಬದಿಗೆ ದಾಟುತ್ತವೆ, ಉಳಿದವು ಈಚೆಯೇ ಇರುತ್ತವೆ. ಅಕ್ಕಪಕ್ಕದ ಕೋಶಗಳು ಸ್ಲಿಟ್ ಎಂಬ ಪ್ರೋಟೀನ್ ಹೊರಬಿಟ್ಟು ‘ಇತ್ತ ಬರಬೇಡ’ ಅಂತ ಗದರುತ್ತವೆ. ಎಳೆಯ ತುದಿಯಲ್ಲಿರುವ ರೋಬೊ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿಯಬೇಕು. ಸಕ್ಕರೆಯ ಸರ ಇವೆರಡನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುತ್ತದೆ. ಅದಿಲ್ಲದಿದ್ದರೆ ಗದರಿದ್ದು ಸರಿಯಾಗಿ ಕಿವಿಗೇ ಬೀಳುವುದಿಲ್ಲ.

2003ರಲ್ಲಿ ಇಲಿಗಳ ಮೆದುಳಿನಲ್ಲಿ ಈ ಸರ ತಯಾರಾಗದಂತೆ ಮಾಡಿ ನೋಡಿದರು. ಒಂದು ಕಣ್ಣಿನ ಎಳೆಗಳು ಮೆದುಳಿನ ದಾರಿ ಬಿಟ್ಟು ಇನ್ನೊಂದು ಕಣ್ಣಿನ ನರದೊಳಕ್ಕೆ ನುಗ್ಗಿದ್ದವು! 2006ರಲ್ಲಿ ಬಂದ ಅಧ್ಯಯನ ಇನ್ನೂ ಸೂಕ್ಷ್ಮ. ಸರವನ್ನು ಮುಟ್ಟಲಿಲ್ಲ, ಸಲ್ಫೇಟ್ ಅಂಟಿಸುವ ಕಿಣ್ವಗಳಲ್ಲಿ ಒಂದನ್ನು ಮಾತ್ರ ತೆಗೆದರು. ಆಗಲೂ ದಾರಿ ತಪ್ಪಿತು. ಯಾವ ಕಿಣ್ವ ತೆಗೆದರು ಅನ್ನುವುದರ ಮೇಲೆ ತಪ್ಪಿನ ರೀತಿಯೂ ಬೇರೆಯಾಯಿತು.

ನನಗೆ ಇದಕ್ಕಿಂತ ಮಜಾ ಅನ್ನಿಸಿದ್ದು 1997ರ ಕಪ್ಪೆ ಭ್ರೂಣಗಳ ಪ್ರಯೋಗ. ಸಕ್ಕರೆ ಸರಗಳನ್ನು ಕತ್ತರಿಸಿ ತೆಗೆದಾಗ ಎಳೆಗಳ ಬೆಳವಣಿಗೆ ನಿಧಾನವಾಯಿತು. ಅದು ಸರಿ, ನಿರೀಕ್ಷೆ ಮಾಡಬಹುದಾದದ್ದೇ. ಆದರೆ ತೆಗೆಯುವ ಬದಲು ಸುಮ್ನೆ ಹೊರಗಿನಿಂದ ಜಾಸ್ತಿ ಹಾಕಿದಾಗ? ಎಳೆಗಳು ದೃಷ್ಟಿಯ ಮಾಹಿತಿ ತಲುಪಬೇಕಾದ ಮೆದುಳಿನ ಭಾಗದ ಹತ್ತಿರಕ್ಕೇ ಬಂದವು. ಒಳಗೆ ಹೋಗದೆ, ಮನೆ ಗುರುತು ಸಿಗದವರ ಹಾಗೆ ಪಕ್ಕದಲ್ಲೇ ಹಾದು ಮುಂದಕ್ಕೆ ಹೋಗಿಬಿಟ್ಟವು.