ಪಲೆರ್ಮೊ ಗ್ರೀಕರ ಊರಾ? ಅಲ್ಲ, ಅಲ್ಲ, ಅಲ್ಲ

ಪ್ರಶ್ನೆ: ಇಟಲಿಯ ಪಲೆರ್ಮೊ ಗ್ರೀಕರು ಕಟ್ಟಿದ ಊರು ತಾನೇ? ಆಮೇಲೆ ಯಾರ್ಯಾರು ಆಳಿದರು?

ಉತ್ತರ: ಮತ್ತೆ ಬಂತು ಅದೇ ಪ್ರಶ್ನೆ. ಪಲೆರ್ಮೊ ಇರುವ ಸಿಸಿಲಿ ದ್ವೀಪದ ಬಗ್ಗೆ ಏನೇ ಬರೆದರೂ ಇದೊಂದು ಪ್ರಶ್ನೆ ಬರದೆ ಇರಲ್ಲ.

ಎಡವಟ್ಟಾಗಿರುವುದು ಹೆಸರಿನಿಂದ. ಪಲೆರ್ಮೊ ಬಂದಿದ್ದು 'ಪಾನೊರ್ಮೊಸ್' ಅನ್ನುವ ಗ್ರೀಕ್ ಪದದಿಂದ. ಎಲ್ಲೆಲ್ಲೂ ಬಂದರು ಅಂತ ಅರ್ಥ. ಸರಿ, ಒಪ್ಪಿದೆ. ಆದರೆ ಪಕ್ಕದ ಮನೆಯವರು ಅಡ್ಡಹೆಸರು ಇಟ್ಟ ಮಾತ್ರಕ್ಕೆ ಮಗು ಅವರದಾಗುತ್ತಾ? ಊರು ಕಟ್ಟಿದ್ದು ಈಗಿನ ಲೆಬನಾನ್ ಕರಾವಳಿಯಿಂದ ಬಂದ ಫಿನೀಷಿಯನ್ ವ್ಯಾಪಾರಿಗಳು. ನನ್ನ ಮಾತು ಬೇಡ, ಹಳೆಯ ಕಾಲದ ಇತಿಹಾಸಕಾರ ಥುಸಿಡಿಡೀಸ್ ಮಾತು ಕೇಳಿ. ಅವನೇ ಗ್ರೀಕ. ಗ್ರೀಕರು ಜಾಸ್ತಿಯಾದಾಗ ಫಿನೀಷಿಯನ್ನರು ಹಿಂದೆ ಸರಿದು ಮೋಟ್ಯ, ಸೊಲೂಸ್, ಪಾನೊರ್ಮೊಸ್‌ಗಳಲ್ಲಿ ಉಳಿದುಕೊಂಡರು ಅಂತ ಬರೆದಿದ್ದಾನೆ. ಕ್ರಿ.ಪೂ. 480ರಲ್ಲಿ ಸಿಸಿಲಿಯದೇ ಊರಾದ ಹಿಮೆರಾದ ಗ್ರೀಕರ ಮೇಲೆ ದಂಡೆತ್ತಿ ಬಂದ, ಫಿನೀಷಿಯನ್ನರೇ ಉತ್ತರ ಆಫ್ರಿಕಾದಲ್ಲಿ ಕಟ್ಟಿದ್ದ ಕಾರ್ಥೇಜ್ ನಗರದ ಹಡಗುಗಳು ಮೊದಲು ಲಂಗರು ಹಾಕಿದ್ದೂ ಇಲ್ಲೇ. ಗ್ರೀಕರ ಊರಾಗಿದ್ದರೆ ಒಳಗೆ ಬಿಡ್ತಿದ್ದರಾ? ಕ್ರಿ.ಪೂ. 276ರಲ್ಲಿ ಗ್ರೀಕ್ ರಾಜ ಪಿರ್ರಸ್ ಗೆದ್ದ, ನಿಜ. ಆದರೆ ಅದು ಸ್ವಲ್ಪ ದಿನದ ಮಾತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕ್ರಿ.ಪೂ. 254ರಲ್ಲಿ ರೋಮನ್ನರು, ಆಮೇಲೆ ಜರ್ಮನಿಕ್ ಬುಡಕಟ್ಟುಗಳಾದ ವ್ಯಾಂಡಲರು, ಗಾಥರು. ಕ್ರಿ.ಶ. 535ರಲ್ಲಿ ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ), ಅಂದರೆ ಗ್ರೀಕ್ ಮಾತಾಡುವ ಆಡಳಿತ ನೆಲೆಯೂರಿದ್ದೇ ಊರು ಹುಟ್ಟಿ ಸಾವಿರ ವರ್ಷ ದಾಟಿದ ಮೇಲೆ! 831ರಲ್ಲಿ ಅರಬರು, 1072ರಲ್ಲಿ ನಾರ್ಮನ್ನರು, ಬಳಿಕ ಜರ್ಮನ್ ಮನೆತನ, ಫ್ರೆಂಚರು. ಫ್ರೆಂಚರನ್ನು 1282ರಲ್ಲಿ ಜನರೇ ದಂಗೆಯೆದ್ದು ಓಡಿಸಿದರು. ನಂತರ ಅರಗಾನ್, ಸ್ಪೇನ್. ಸವೊಯ್, ಆಸ್ಟ್ರಿಯಾಗಳು ಸುಮ್ನೆ ಬಂದುಹೋದವು. ಕೊನೆಗೆ ಬೂರ್ಬನ್ ರಾಜಮನೆತನದವರು. 1860ರಲ್ಲಿ ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿ.

ನೀವು ಕೇಳದ ಪ್ರಶ್ನೆ ಒಂದಿದೆ. ರಾಜ ಬದಲಾದಾಗ ಹಳೆಯ ಭಾಷೆಗಳು ಏನಾದವು? ನಾರ್ಮನ್ನರ ಕಾಲದ ಒಂದು ಗೋರಿಕಲ್ಲು ಅಲ್ಲಿನ ಝೀಸಾ ಅರಮನೆಯಲ್ಲಿದೆ. ಗ್ರಿಸಾಂಡಸ್ ಎಂಬ ಪಾದ್ರಿ 1148ರಲ್ಲಿ ತೀರಿಕೊಂಡ ತನ್ನ ತಾಯಿ ಅನ್ನಾಗೆ ಹಾಕಿಸಿದ್ದು. ಒಂದೇ ಕಲ್ಲಿನ ಮೇಲೆ ಲ್ಯಾಟಿನ್, ಗ್ರೀಕ್, ಅರಬ್ಬಿ, ಹೀಬ್ರೂ ನಾಲ್ಕೂ ಲಿಪಿ. ಇಸವಿ ಕೂಡ ಅವರವರ ಲೆಕ್ಕದಲ್ಲೇ. ಒಬ್ಬ ತಾಯಿ ತೀರಿಕೊಂಡ ಸುದ್ದಿ ಊರಿನವರೆಲ್ಲರಿಗೂ ಓದಲು ಬರಲಿ ಅಂತ ತಾನೇ?

ಇವತ್ತೂ ಊರಿನ ಮುಖ್ಯ ರಸ್ತೆಯ ಬೋರ್ಡಿನಲ್ಲಿ ವಿಟ್ಟೋರಿಯೊ ಎಮಾನುಯೆಲೆ ರಾಜನ ಹೆಸರಿದೆ. ಜನರ ಬಾಯಲ್ಲಿ ಮಾತ್ರ ಅದು ಕಸ್ಸಾರೊ. ಕೋಟೆ ಅನ್ನುವ ಅರ್ಥದ ಅರಬ್ಬಿ 'ಅಲ್-ಕಸ್ರ್'ನಿಂದ ಬಂದದ್ದು. ಹಾಗಾದರೆ ರಸ್ತೆ ಹಾಕಿದ್ದು ಅರಬರಾ ಅಂತ ದಯವಿಟ್ಟು ಕೇಳಬೇಡಿ. ಅದೂ ಫಿನೀಷಿಯನ್ನರದೇ.