ಪದ ಪರಿಚಯ: ಸ್ಕೇಲೆಬಿಲಿಟಿ

ಸರ್ವರ್‌ನಲ್ಲಿ ಪ್ರೊಸೆಸರ್‌ಗಳನ್ನು ಹೆಚ್ಚಿಸುತ್ತ ಹೋದಾಗ ಅದು ಮಾಡಿ ಮುಗಿಸುವ ಕೆಲಸವೂ ಎಷ್ಟರ ಮಟ್ಟಿಗೆ ಹೆಚ್ಚುತ್ತದೆ ಎಂಬುದನ್ನು ಸ್ಕೇಲೆಬಿಲಿಟಿ ಎನ್ನುತ್ತಾರೆ. ದೊಡ್ಡ ಡೇಟಾಬೇಸ್ ಸರ್ವರ್‌ಗಾಗಿ ಲಿನಕ್ಸ್, ಸೋಲಾರಿಸ್, ಎಐಎಕ್ಸ್, ವಿಂಡೋಸ್ ಸರ್ವರ್ ಮೊದಲಾದ ಆಪರೇಟಿಂಗ್ ಸಿಸ್ಟಂಗಳನ್ನು ಹೋಲಿಸುವವರು ಮೊದಲು ನೋಡಬೇಕಾದ ಗುಣ ಇದು.

ಕೊಡಗಿನಲ್ಲಿ ಕಾಫಿ ಕೊಯ್ಲಿನ ದಿನಗಳ ಸಂಜೆಯನ್ನು ಕಂಡವರಿಗೆ ವಿಷಯ ಬೇಗ ಹಿಡಿಯುತ್ತದೆ. ಹಣ್ಣು ಕೊಯ್ಯುವವರು ಇಪ್ಪತ್ತು ಮಂದಿಯಿರಲಿ, ಎಂಬತ್ತು ಮಂದಿಯಿರಲಿ, ಹಗಲೆಲ್ಲ ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ. ಚೀಲಗಳು ತೂಕಕ್ಕೆ ಬಂದಾಗ ಮಾತ್ರ ತಕ್ಕಡಿ ಒಂದೇ, ಪುಸ್ತಕದಲ್ಲಿ ಬರೆದುಕೊಳ್ಳುವ ರೈಟರ್ ಕೂಡ ಒಬ್ಬರೇ. ಹೀಗೆ ಸರದಿಯಲ್ಲೇ ನಡೆಯಬೇಕಾದ ಭಾಗ ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ವಾದಿಸಿದರು. ಆ ಲೆಕ್ಕದ ಪ್ರಕಾರ ಕೆಲಸದ ಶೇ. 5ರಷ್ಟು ಭಾಗ ಸರದಿಯಲ್ಲಿ ನಡೆಯುವಂಥದ್ದಾದರೆ 64 ಪ್ರೊಸೆಸರ್ ಹಾಕಿದರೂ ವೇಗ ಹೆಚ್ಚುವುದು ಸುಮಾರು 15 ಪಟ್ಟು; ಎಷ್ಟೇ ಸೇರಿಸಿದರೂ 20 ಪಟ್ಟು ದಾಟುವುದಿಲ್ಲ.

ಆಪರೇಟಿಂಗ್ ಸಿಸ್ಟಂನಲ್ಲಿ ಈ ಸರದಿಯನ್ನು ಉಂಟುಮಾಡುವುದು ಲಾಕ್, ಅಂದರೆ ಒಂದು ಪ್ರೊಸೆಸರ್ ಏನನ್ನಾದರೂ ಬಳಸುವಾಗ ಉಳಿದವು ಕಾಯುವಂತೆ ಹಾಕುವ ಬೀಗ. 1996ರ ಲಿನಕ್ಸ್ 2.0 ಆವೃತ್ತಿ ಬಹುಪ್ರೊಸೆಸರ್ ಯಂತ್ರಗಳಿಗೆ ಮೊದಲ ಬಾರಿಗೆ ಸಿದ್ಧವಾದಾಗ ಇಡೀ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಒಂದೇ ದೊಡ್ಡ ಲಾಕ್ ಇತ್ತು. ಅದನ್ನು ಸಣ್ಣ ಸಣ್ಣ ಲಾಕ್‌ಗಳಾಗಿ ಒಡೆಯುತ್ತ ಹೋಗಿ, 2011ರ 2.6.39 ಆವೃತ್ತಿಯಲ್ಲಷ್ಟೇ ಪೂರ್ತಿಯಾಗಿ ಕಿತ್ತುಹಾಕಲಾಯಿತು. ಕಾಯುವುದೊಂದೇ ಆದರೆ ವೇಗ ಒಂದು ಮಟ್ಟದಲ್ಲಿ ನಿಂತೀತು. ಆದರೆ ಲಾಕ್ ಇರುವ ಮೆಮೊರಿಯ ತುಣುಕು ಒಂದು ಪ್ರೊಸೆಸರ್‌ನ ಕ್ಯಾಶೆಯಿಂದ (ಅದರ ಬಳಿಯೇ ಇರುವ ಪುಟ್ಟ, ವೇಗದ ಮೆಮೊರಿ) ಇನ್ನೊಂದರ ಕ್ಯಾಶೆಗೆ ಓಡಾಡುತ್ತಲೇ ಇರಬೇಕಾದ್ದರಿಂದ, ಪ್ರೊಸೆಸರ್ ಹೆಚ್ಚಿದಷ್ಟೂ ವೇಗ ಕುಸಿಯುವುದೂ ಉಂಟು. ಕೊಂಡವರಿಗೆ ನಂಬುವುದೇ ಕಷ್ಟವಾಗುವ ಸಂಗತಿ ಇದು.

2010ರಲ್ಲಿ ಎಂಐಟಿ ಸಂಶೋಧಕರು 48 ಕೋರ್‌ಗಳ (ಕೋರ್ ಎಂದರೆ ಚಿಪ್‌ನೊಳಗಿನ ಒಂದೊಂದು ಪ್ರೊಸೆಸರ್) ಯಂತ್ರದಲ್ಲಿ ಲಿನಕ್ಸನ್ನು ಪರೀಕ್ಷಿಸಿದಾಗ ಇಂಥದ್ದೇ ಒಂದು ಗಂಟು ಸಿಕ್ಕಿತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಪ್ರತಿ ಪ್ರಶ್ನೆಗೂ ಟೇಬಲ್‌ನ ಫೈಲ್ ಎಷ್ಟು ದೊಡ್ಡದಿದೆ ಎಂದು ಕರ್ನಲನ್ನು ವಿಚಾರಿಸುತ್ತಿತ್ತು. ಅಷ್ಟು ಸಣ್ಣ ಉತ್ತರ ಕೊಡುವುದಕ್ಕೂ ಕರ್ನಲ್ ಆ ಫೈಲಿನ ಮೇಲೆ ಲಾಕ್ ಹಾಕುತ್ತಿದ್ದುದರಿಂದ ಕೋರ್‌ಗಳೆಲ್ಲ ಅಲ್ಲಿ ಸಾಲುಗಟ್ಟುತ್ತಿದ್ದವು. ಇಂಥ ತೊಡಕುಗಳಲ್ಲಿ ಹೆಚ್ಚಿನವು ಕರ್ನಲ್‌ನಲ್ಲೂ ಅಪ್ಲಿಕೇಶನ್‌ಗಳಲ್ಲೂ ಮಾಡಿದ ಚಿಕ್ಕ ತಿದ್ದುಪಡಿಗಳಿಂದಲೇ ಬಗೆಹರಿದವು.

ಆಪರೇಟಿಂಗ್ ಸಿಸ್ಟಂ ಮೆಮೊರಿಯನ್ನು ಪುಟ ಎಂಬ ತುಣುಕುಗಳಾಗಿ ವಿಂಗಡಿಸಿ ಲೆಕ್ಕವಿಡುತ್ತದೆ; ಆ ಪುಟದ ಗಾತ್ರವೂ ಮುಖ್ಯವಾಗುತ್ತದೆ. ಎಲ್ಲ ಸಂಪರ್ಕಗಳೂ ಹಂಚಿಕೊಳ್ಳುವ 64 ಜಿಬಿ ಮೆಮೊರಿಯನ್ನು 4 ಕೆಬಿ ಪುಟಗಳಾಗಿ ವಿಂಗಡಿಸಿದರೆ 1,67,77,216 ಪುಟಗಳಾಗುತ್ತವೆ. 2 ಎಂಬಿ ಪುಟಗಳಾದರೆ 32,768 ಮಾತ್ರ. ಪ್ರತಿ ಪುಟದ ನಮೂದಿಗೆ 8 ಬೈಟ್ ಬೇಕು, ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ), ಅದಕ್ಕೆ ತನ್ನದೇ ಪುಟಗಳ ಪಟ್ಟಿ ಇರುತ್ತದೆ. ಹಾಗಾಗಿ ಆ ಮೆಮೊರಿಯನ್ನೆಲ್ಲ ಮುಟ್ಟುವ 500 ಸಂಪರ್ಕಗಳಿದ್ದರೆ, ಸಣ್ಣ ಪುಟಗಳ ಲೆಕ್ಕವಿಡುವುದಕ್ಕೇ 62 ಜಿಬಿಗೂ ಹೆಚ್ಚು ಮೆಮೊರಿ ಹೋದೀತು. ಇದನ್ನು ಸರಿಪಡಿಸದೆ ಎರಡು ಆಪರೇಟಿಂಗ್ ಸಿಸ್ಟಂಗಳನ್ನು ಹೋಲಿಸಿದರೆ ಅಳೆದಂತಾಗುವುದು ಸೆಟ್ಟಿಂಗನ್ನೇ ಹೊರತು ಸಿಸ್ಟಮನ್ನಲ್ಲ.

ಡೇಟಾಬೇಸ್ ಸರ್ವರ್‌ಗಳ ವೇಗ ಅಳೆಯಲು 1992ರಿಂದ ಬಳಕೆಯಲ್ಲಿರುವ ಟಿಪಿಸಿ-ಸಿ ಪರೀಕ್ಷೆಯ ಅಂಕಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ನಿಮಿಷಕ್ಕೆ ಎಷ್ಟು ವಹಿವಾಟು ನಡೆಯಿತೆಂಬ ಆ ಅಂಕ ಯಂತ್ರ, ಡಿಸ್ಕ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಂ ಎಲ್ಲವೂ ಸೇರಿ ಗಳಿಸಿದ್ದು. ಆಪರೇಟಿಂಗ್ ಸಿಸ್ಟಂನ ಪಾಲೆಷ್ಟೆಂದು ತಿಳಿಯಬೇಕಾದರೆ ಒಂದೇ ಯಂತ್ರ, ಒಂದೇ ಡೇಟಾಬೇಸ್ ಇಟ್ಟುಕೊಂಡು, 1, 2, 4, 8 ಎಂದು ಕೋರ್‌ಗಳನ್ನು ಏರಿಸುತ್ತ ಪ್ರತಿ ಹಂತದಲ್ಲೂ ಅಳೆದು ನಕ್ಷೆ ಬರೆಯಬೇಕು. ಗೆರೆ ಬಾಗಲು ತೊಡಗುವ ಜಾಗವೇ ಹೋಲಿಕೆಯ ವಿಷಯ. ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಸಹಕಾರ ಸಂಘವೊಂದು ಲೆಕ್ಕಪತ್ರಕ್ಕೆ ಇಟ್ಟುಕೊಂಡ ನಾಲ್ಕು ಕೋರ್‌ಗಳ ಯಂತ್ರದಲ್ಲಿ ಆ ಬಾಗು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅಲ್ಲಿ ಡಿಸ್ಕ್ ಮತ್ತು ಮೆಮೊರಿ ಚೆನ್ನಾಗಿದ್ದರೆ ಯಾವ ಆಪರೇಟಿಂಗ್ ಸಿಸ್ಟಂ ಆದರೂ ನಡೆದೀತು.