ಆಳದ ನೀರು ಮೀನನ್ನು ರೊಟ್ಟಿಯಂತೆ ಬಡಿಯುತ್ತದೆಯೇ?

ಪ್ರಶ್ನೆ: ಅಂಟಾರ್ಕ್ಟಿಕಾ ಸುತ್ತಲಿನ ಆಳ ಸಮುದ್ರದ ಚಪ್ಪಟೆ ಮೀನು ನೀರಿನ ಭಾರಕ್ಕೆ ಹಾಗಾಯಿತೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಇಲ್ಲ. ಇದೇ ಪ್ರಶ್ನೆಗೆ ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ತಪ್ಪಿದೆ.

ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದು ಗೊತ್ತು. ಜೋಳದ ರೊಟ್ಟಿ ಬಡಿಯುವುದನ್ನು ದಿನವೂ ನೋಡುವ ನಮಗೆ ಒತ್ತಡವೆಂದರೆ ಮೇಲಿನಿಂದ ಬೀಳುವ ಅಂಗೈ. ಬದಿಯಲ್ಲಿ ತಡೆಯುವವರಿಲ್ಲ, ಹಿಟ್ಟು ಹರಡುತ್ತದೆ. ನೀರು ಹಾಗಲ್ಲ. ಮೇಲೆ, ಕೆಳಗೆ, ಪಕ್ಕದಲ್ಲಿ, ಎಲ್ಲ ಕಡೆಯಿಂದಲೂ ಒತ್ತುತ್ತದೆ. ಸಾವಿರ ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಸುಮಾರು 100 ಪಟ್ಟು, ನಿಜ. ಆದರೆ ಮೀನಿನ ಮೈಯೂ ಬಹುಪಾಲು ನೀರೇ. ಒಳಗಿನಿಂದ ಅಷ್ಟೇ ಒತ್ತಡ ತಿರುಗಿ ಒತ್ತುತ್ತದೆ. ಗಾಳಿ ಉಳಿಯದಂತೆ ನೀರು ತುಂಬಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲವನ್ನು ಬಾವಿಗೆ ಇಳಿಸಿ ನೋಡಿ. ಇಳಿದಂತೆಯೇ ಮೇಲೆ ಬರುತ್ತದೆ.

‘ಹಾಗಾದರೆ ಆಲಮಟ್ಟಿ ಅಣೆಕಟ್ಟೆಯ ಬುಡ ಏಕೆ ದಪ್ಪ ಸರ್?’ ಎಂದು ಹಿಂದಿನ ಬೆಂಚಿನಿಂದ ಒಬ್ಬನಾದರೂ ಕೇಳುತ್ತಿದ್ದ. ಒಳ್ಳೆಯ ಪ್ರಶ್ನೆ. ಅಲ್ಲಿ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ಮೀನಿನ ಮಗ್ಗುಲಲ್ಲಿ ಗಾಳಿ ಎಲ್ಲಿದೆ?

ಅಷ್ಟಕ್ಕೂ ನಮ್ಮ ಕರಾವಳಿಯ ನಂಗು ಮೀನು ಕಡಿಮೆ ಆಳದಲ್ಲೇ ಬದುಕುತ್ತದೆ. ಅದನ್ನು ಬಡಿದವರು ಯಾರು?

ನಿಜ ಸಂಗತಿ ಸರಳ. ಈ ಮೀನು ಹೊಟ್ಟೆಯ ಮೇಲಲ್ಲ, ಮಗ್ಗುಲಾಗಿ ಮಲಗಿರುತ್ತದೆ. ಮರಿಯಾಗಿದ್ದಾಗ ನೆಟ್ಟಗೆ ಈಜುತ್ತದೆ, ಬದಿಗೊಂದು ಕಣ್ಣು. ಬೆಳೆಯುತ್ತ ಒಂದು ಕಣ್ಣು ನೆತ್ತಿ ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ. ದಕ್ಷಿಣದ ತಣ್ಣೀರಿನ ಅಕೈರಾಪ್ಸೆಟ್ಟಾ ಎಂಬ ಚಪ್ಪಟೆ ಮೀನಿನಲ್ಲಿ ಎರಡೂ ಕಣ್ಣು ಎಡಬದಿಗೆ. ಗ್ರೀಕ್ ಹೆಸರಿನ ಅರ್ಥ ‘ಕೈಯಿಲ್ಲದ ಚಪ್ಪಟೆ ಮೀನು’. ಕಿವಿರಿನ ಹಿಂದೆ ಇರಬೇಕಾದ ಈಜುರೆಕ್ಕೆ ಇದಕ್ಕಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಣ್ಣು ಅರ್ಧ ದಾರಿಯಲ್ಲೇ ನಿಂತ ಮೀನು ಎಂದಾದರೂ ಇತ್ತೇ? ಅರ್ಧ ಸರಿದ ಕಣ್ಣಿನಿಂದ ಯಾರಿಗೆ ಏನು ಲಾಭ ಎಂದು ಜೀವಿಗಳು ಪೀಳಿಗೆಯಿಂದ ಪೀಳಿಗೆಗೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತವೆ ಎಂದ ಡಾರ್ವಿನ್ನನನ್ನು ಆತನ ಕಾಲದಲ್ಲೇ ಮೈವರ್ಟ್ ಎಂಬ ವಿಜ್ಞಾನಿ ಕುಟುಕಿದ್ದ. 2008ರಲ್ಲಿ ಮ್ಯಾಟ್ ಫ್ರೀಡ್‌ಮನ್ ಎಂಬ ಪಳೆಯುಳಿಕೆ ತಜ್ಞರು ವಸ್ತುಸಂಗ್ರಹಾಲಯಗಳಲ್ಲಿದ್ದ ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಮತ್ತೆ ಪರಿಶೀಲಿಸಿದರು. ಕೆಲವು ಇಟಲಿಯ ಬೋಲ್ಕಾ ಬೆಟ್ಟದವು. ಬಲಿತ ಮೀನುಗಳೇ, ಆದರೆ ಒಂದು ಕಣ್ಣು ನೆತ್ತಿಯತ್ತ ಸರಿದಿತ್ತು, ದಾಟಿರಲಿಲ್ಲ.